ಹಣ್ಣುನೊಣಗಳಿಗೆ ನಾನು ಕಲಿಸಿದ್ದು

ಮೇಷ್ಟ್ರಾದವನಿಗೆ ತಾನೇನು ಕಲಿಸುತ್ತಿದ್ದೇನೆ ಎಂಬುದಾದರೂ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ಶಿರಸಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ನಾನೂ ನಂಬಿದ್ದೆ. ಎರಡು ಸಾವಿರದ ಐದರ ಸುಮಾರಿಗೆ ಮೂವತ್ತು ಹಣ್ಣುನೊಣಗಳು ಸೇರಿ ಆ ಭ್ರಮೆ ಬಿಡಿಸಿದವು. ಬಾಳೆಹಣ್ಣು ಹೆಚ್ಚು ಕಳಿತರೆ ಅಡುಗೆಮನೆಯಲ್ಲಿ ಸುತ್ತುತ್ತವಲ್ಲ, ಎಳ್ಳುಕಾಳಿನಷ್ಟಿದ್ದು ಜೀವ ತಿನ್ನುವವು, ಅವೇ.

ಆ ವರ್ಷ ನಮ್ಮ ವಿಭಾಗಕ್ಕೆ ಸೇರಿದ್ದು ಏಳೇ ಹುಡುಗರು. ಪ್ರಾಣಿಶಾಸ್ತ್ರ ಮುಂದುವರಿಸಬೇಕೋ ಮುಚ್ಚಬೇಕೋ ಎಂದು ನೋಡಲು ಸಮಿತಿ ಬರುವುದಿತ್ತು. ಮುಚ್ಚಿದರೆ ನನ್ನ ನೌಕರಿಗೂ ಎಳ್ಳುನೀರು. ಏನಾದರೂ ಹೊಸದು ತೋರಿಸಿ ಮಾರಾಯ್ರೆ ಎಂದು ಪ್ರಿನ್ಸಿಪಾಲರು ದುಂಬಾಲು ಬಿದ್ದರು. ನೊಣವೂ ಪಾಠ ಕಲಿಯುತ್ತದೆಂದು ನಾನು ಓದಿದ್ದೆ. ಒಂದು ವಾಸನೆ ಬಂದಾಗಲೇ ಪೆಟ್ಟು ಬಿದ್ದರೆ, ಅದರ ಮಿದುಳಿನಲ್ಲಿ ಡೋಪಮೈನ್ ಎಂಬ ರಸ ಒಸರಿ ಆ ವಾಸನೆಗೂ ಪೆಟ್ಟಿಗೂ ಗಂಟು ಹಾಕುತ್ತದೆ. ಆಮೇಲೆ ವಾಸನೆ ಬಂದರೆ ಸಾಕು, ನೊಣ ದೂರ ಓಡುತ್ತದೆ.

ವಾಸನೆ ಹಾಯಿಸಲು ನಮ್ಮಲ್ಲಿ ಪಂಪು ಇರಲಿಲ್ಲ. ಗಾಜಿನ ಕೊಳವೆಯ ಎರಡೂ ತುದಿಗೆ ರಬ್ಬರ್ ಪೈಪು ಸಿಕ್ಕಿಸಿ ಬಾಯಿಂದಲೇ ಊದಿದೆವು. ಒಂದು ಕಡೆಯಿಂದ ನಾನು ನಿಂಬೆಸಿಪ್ಪೆಯ ವಾಸನೆ ಊದಿ ಕೊಳವೆಯನ್ನು ಗಡಗಡ ಅಲುಗಿಸುವುದು. ಇನ್ನೊಂದು ಕಡೆಯಿಂದ ಅಟೆಂಡರ್ ನಾಗಮ್ಮ ಏಲಕ್ಕಿಯ ವಾಸನೆ ಊದಿ ಸುಮ್ಮನಿರುವುದು. ನಾಲ್ಕೇ ದಿನದಲ್ಲಿ, ನಾನು ಊದಿದ್ದೇ ತಡ, ನೊಣಗಳೆಲ್ಲ ನಾಗಮ್ಮನ ಕಡೆಗೆ ಓಡತೊಡಗಿದವು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಸಮಿತಿ ಬರುವ ದಿನ ಬೆಳಿಗ್ಗೆ ಹೆಂಡತಿ ನನ್ನ ಕವಳದ ಸಂಚಿಯನ್ನೇ ಅಡಗಿಸಿಟ್ಟಳು. ಎಲೆ, ಅಡಿಕೆ, ಸುಣ್ಣ, ತಂಬಾಕು ದವಡೆಯಲ್ಲಿಲ್ಲದೆ ಕಾಲೇಜಿಗೆ ಹೋದವನಲ್ಲ ನಾನು. "ಇವತ್ತೊಂದಿನ ಕವಳ ಹಾಕ್ಯಂಡು ಹೋಗಡಿ" ಎಂದು ತಡೆದಳು. ಹೋಗಲಿ ಎಂದು ಬಾಯಿ ತೊಳೆದು ಹೊರಟೆ.

ಸಮಿತಿಯ ಮೂವರಲ್ಲಿ ಧಾರವಾಡ ಕಡೆಯ ಅಧ್ಯಕ್ಷರು ಕೊಳವೆಯ ಹತ್ತಿರವೇ ಕುರ್ಚಿ ಎಳೆದುಕೊಂಡರು. ಊದಿದೆ. ನೊಣಗಳು ಜಪ್ಪಯ್ಯ ಎನ್ನಲಿಲ್ಲ. ಮತ್ತೆ ಊದಿದೆ. ಒಂದು ನೊಣ ನನ್ನ ಪೈಪಿನ ಬಾಯಿಗೇ ಬಂದು ಕೂತು ಮುಖ ಒರೆಸಿಕೊಂಡಿತು. ಅಧ್ಯಕ್ಷರು ಪೆನ್ನಿನ ಕ್ಯಾಪು ಹಾಕಿದರು. ಆಗ ನಾಗಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ, "ಸರ್, ಇವತ್ತು ನಿಮ್ ಬಾಯಲ್ಲಿ ಕವಳ ಇಲ್ಲ" ಎಂದಳು.

ಆ ಹಾಳು ನೊಣಗಳು ಕಲಿತದ್ದು ನಿಂಬೆಯನ್ನಲ್ಲ, ನನ್ನ ಬಾಯಿಯನ್ನು! ಹೇಳೋಣವೆಂದರೆ, ಪ್ರಯೋಗಾಲಯದಲ್ಲಿ ಏನನ್ನೂ ತಿನ್ನಬಾರದು ಎಂದು ನಾನೇ ಬರೆದ ಬೋರ್ಡು ಅಧ್ಯಕ್ಷರ ತಲೆಯ ಮೇಲೇ ತೂಗುತ್ತಿತ್ತು. ಹೇಳದಿದ್ದರೆ ನೌಕರಿ ಹೋಗುತ್ತದೆ. ಮಾನ ಹೋದರೆ ಹೋಗಲಿ ಎಂದು ಎಲ್ಲ ಒಪ್ಪಿಕೊಂಡೆ. ನಾಗಮ್ಮ ಊಟದ ಮೇಲಕ್ಕೆಂದು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕವಳ ಕೊಟ್ಟಳು. ಮೂರು ಜನ ದೊಡ್ಡವರ ಎದುರಿಗೆ ನಿಂತು ಜಗಿದೆ. ಅಧ್ಯಕ್ಷರು ತಾವೇ ನಿಂಬೆಸಿಪ್ಪೆ ತೆಗೆದುಹಾಕಿ, ಈಗ ಊದಿ ಎಂದು ಸನ್ನೆ ಮಾಡಿದರು.

ಊದಿದೆ. ಮೂವತ್ತೂ ನೊಣಗಳು ಸತ್ತೆವೋ ಕೆಟ್ಟೆವೋ ಎಂದು ನಾಗಮ್ಮನ ಕಡೆಗೆ ಓಡಿದವು.

ಅಧ್ಯಕ್ಷರು ನೊಣಗಳನ್ನು ನೋಡಿದರು, ಬೋರ್ಡು ನೋಡಿದರು, ನನ್ನನ್ನು ನೋಡಿದರು. "ನೊಣ ಕಲತಾವ್ರೀ ಸರ. ನೀವು ಯಾವಾಗ ಕಲಿಯೋರು?"

ವಿಭಾಗ ಉಳಿಯಿತು. ಮರುದಿನ ಅದೇ ಹೆಮ್ಮೆಯಲ್ಲಿ, ದವಡೆಯಲ್ಲಿ ಕವಳವಿಟ್ಟುಕೊಂಡೇ ಕ್ಲಾಸಿಗೆ ಹೋದೆ. ಹುಡುಗರೆಲ್ಲ ಎಂದಿನಂತೆ ಮುಂದಿನ ಬೆಂಚುಗಳನ್ನು ಖಾಲಿ ಬಿಟ್ಟು, ಕಟ್ಟಕಡೆಯ ಬೆಂಚಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಏನೂ ಕಲಿಯದ ದಡ್ಡರೆಂದು ಅವರನ್ನು ನಾನು ವರ್ಷವಿಡೀ ಬೈದಿದ್ದೆ.