ಮಾವನ ಲ್ಯಾಪ್‌ಟಾಪಿನ ಮಬ್ಬು ಬೆಳಕು

ನಮ್ಮ ಸೋದರಮಾವ ಲ್ಯಾಪ್‌ಟಾಪ್ ಆನ್ ಮಾಡಿದರೆ ಕೋಣೆ ಇನ್ನಷ್ಟು ಕತ್ತಲಾಗುತ್ತಿತ್ತು. ನೀವು ನಂಬೋದಿಲ್ಲ, ಗೊತ್ತು. ಬೇಡ ಬಿಡಿ, ನನಗೇನು! ಬಸವೇಶ್ವರನಗರದ ಆ ಮನೆಯಲ್ಲಿ ಬೇಸಿಗೆ ರಜ ಕಳೆದ ಮಕ್ಕಳೆಲ್ಲ ಇದಕ್ಕೆ ಸಾಕ್ಷಿ.

ಪರದೆಯ ಬೆಳಕನ್ನು ಇಳಿಸಿ ಇಳಿಸಿ, ಇನ್ನು ಇಳಿಸೋಕೆ ಜಾಗವೇ ಇಲ್ಲ ಅನ್ನುವಲ್ಲಿಗೆ ತಂದಿಡೋರು. ಟೈಪ್ ಮಾಡ್ತಾ ಒಮ್ಮೆ ಮೂಗು ತುರಿಸಿಕೊಂಡರೂ ಅದು ಮಲಗಿಬಿಡುತ್ತಿತ್ತು, ಅಂಥ ಸೆಟ್ಟಿಂಗ್! ಚಾರ್ಜು ಎಂಬತ್ತು ದಾಟುವಂತಿಲ್ಲ. "ಹೊಟ್ಟೆ ಬಿರಿಯ ತುಂಬಿದ್ರೆ ಬ್ಯಾಟ್ರಿ ಬೇಗ ಹೋಗತ್ತೆ ಕಣೇ ಪುಟ್ಟೀ" ಅನ್ನುತ್ತಾ ನನ್ನ ಎಲೆಯ ಮೂರನೇ ಹೋಳಿಗೆಯನ್ನೇ ನೋಡೋರು.

ಇನ್ನು ತಾರಸಿ. ಲ್ಯಾಪ್‌ಟಾಪಿಗೆ ಬಿಸಿಲಿನದೇ ಚಾರ್ಜು ಆಗಬೇಕು ಅಂತ ಅಲ್ಲೊಂದು ಸೋಲಾರ್ ಪ್ಯಾನೆಲ್. ಅತ್ತೆಗೆ ಸಂಡಿಗೆ ಒಣಗಿಸೋಕೂ ಅದೇ ಜಾಗ.

"ರೀ, ನಿಮ್ಮ ಹಲಗೆ ಆಕಡೆ ಸರಿಸ್ರೀ, ನೆರಳು ಬೀಳ್ತಿದೆ."

"ನಿನ್ನ ಸಂಡಿಗೆ ಸರಿಸೇ. ಇಲ್ಲಿ ಭೂಮಿ ಉಳಿಸೋ ಕೆಲಸ ನಡೀತಿದೆ!"

"ಉಳಿಸಿ, ಉಳಿಸಿ. ರಾತ್ರಿ ಸಾರನ್ನಕ್ಕೆ ಭೂಮೀನೇ ನೆಂಚ್ಕೊಳ್ಳಿ."

ಮಾರನೇ ದಿನ ಅತ್ತೆ ಪ್ಯಾನೆಲ್ ಮೇಲೇ ಹಾಳೆ ಹಾಸಿ ಅರಳು ಸಂಡಿಗೆ ಇಟ್ಟುಬಿಟ್ಟರು. ಅಷ್ಟು ಚೆನ್ನಾಗಿ ಒಣಗಿದ ಸಂಡಿಗೆಯನ್ನು ನಾನು ಆಮೇಲೆ ತಿಂದೇ ಇಲ್ಲ.

ಒಂದು ಬೆಳಿಗ್ಗೆ ಎದುರುಮನೆ ಆಂಟಿ ಕೆಟ್ಟುಹೋದ ಬ್ಯಾಟರಿಯೊಂದನ್ನು ತರಕಾರಿ ಸಿಪ್ಪೆ ಜೊತೆ ಕಸದ ಗಾಡಿಗೆ ಹಾಕಿದರು. ಮಾವ ಕಿಟಕಿಯಿಂದ ನೋಡಿಬಿಟ್ಟರು. ಅರ್ಧ ಮುಖಕ್ಕೆ ಶೇವಿಂಗ್ ನೊರೆ, ಪಂಚೆ ಎತ್ತಿ ಕಟ್ಟಿ ಮೂರು ಕ್ರಾಸ್ ಓಟ!

"ನಿಲ್ಸಪ್ಪಾ! ಅದು ಮಣ್ಣಿಗೆ ವಿಷ ಕಣಪ್ಪಾ!"

"ಸಾರ್, ಇನ್ನರ್ಧ ಮುಖ ಕೆರ್ಕೊಂಡು ಬನ್ನಿ, ಇಲ್ಲೇ ಇರ್ತೀನಿ" ಅಂದನಂತೆ ಗಾಡಿಯವನು. ಆ ಬ್ಯಾಟರಿಯನ್ನು ಡಬ್ಬಿಗೆ ಹಾಕಿ, ಬಸ್ಸು ಹತ್ತಿ, ಇಂಥವನ್ನೆಲ್ಲ ತೆಗೆದುಕೊಳ್ಳುವ ಕಡೆ ಒಪ್ಪಿಸಿ ಬಂದರು. ಅಲ್ಲಿಂದಾಚೆ ಆಂಟಿ ನಮ್ಮ ಕಿಟಕಿ ನೋಡಿಕೊಂಡೇ ಕಸ ಹಾಕುತ್ತಿದ್ದರು.

ಸಂಜೆಯಾದರೆ ಮಾವ ಸ್ಕ್ಯಾನ್ ಮಾಡಿಟ್ಟ ಹಳೇ ಫೋಟೋಗಳನ್ನು ತೋರಿಸೋರು. ಅತ್ತೆಯ ಅಮ್ಮನದು ಅದರಲ್ಲಿ ಒಂದೇ ಒಂದು. ಬಿನ್ನಿಪೇಟೆಯ ವಠಾರದ ನಲ್ಲಿ ಮುಂದೆ, ಸೊಂಟದಲ್ಲಿ ಕೊಡ, ಮುಖದ ತುಂಬ ನಗು. ಅದನ್ನು ನೋಡದೆ ಅತ್ತೆ ಏಳುತ್ತಿರಲಿಲ್ಲ.

"ಅಮ್ಮನ ಮುಖ ಕಾಣ್ತಿಲ್ಲ ರೀ, ಸ್ವಲ್ಪ ಬೆಳಕು ಜಾಸ್ತಿ ಮಾಡಿ."

"ಇಷ್ಟು ಸಾಕು ಕಣೇ, ಕಣ್ಣಿಗೂ ತಂಪು."

ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅತ್ತೆ "ಕಾಣ್ತಿಲ್ಲ" ಅಂದರೆ ಮಾವನ ಲ್ಯಾಪ್‌ಟಾಪನ್ನು ಬೈಯೋದು ನಮ್ಮನೆಯಲ್ಲಿ ರೂಢಿಯೇ ಆಗಿಹೋಯಿತು. ನಾವು ದೊಡ್ಡವರಾದ ಮೇಲೂ ಅದೇ ಮಾತು, ಅದೇ ನಗು. ಹೋದ ಯುಗಾದಿಗೆ ಅತ್ತೆ ಪಾಯಸದ ಗೋಡಂಬಿಯನ್ನು ಸಾರಿಗೆ ಸುರಿದಾಗಲೇ ನಮಗೆ ಅನುಮಾನ ಬಂದದ್ದು. ಕಣ್ಣಿನ ನರ ಹಾಳಾಗಿದೆ, ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದೂ ಎಷ್ಟು ದಿನವೋ ಅಂದರು ಡಾಕ್ಟರು. ಇಷ್ಟು ವರ್ಷ ತಪ್ಪು ಲ್ಯಾಪ್‌ಟಾಪಿನದೊಂದೇ ಅಂದುಕೊಂಡಿದ್ದೆವಲ್ಲ!

ಮೊನ್ನೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಹಾಲ್‌ನಲ್ಲಿ ಲ್ಯಾಪ್‌ಟಾಪು ಝಗಝಗ ಅಂತಿದೆ! ಚಾರ್ಜರ್ ಚುಚ್ಚೇ ಇದೆ, ಒಳಗಿನ ಫ್ಯಾನು ಗೊರಗುಟ್ಟುತ್ತಿದೆ. ಪರದೆ ತುಂಬ ಅತ್ತೆಯ ಅಮ್ಮ. ಅತ್ತೆ ಅದಕ್ಕೆ ಮೂಗು ತಾಗಿಸುವಷ್ಟು ಹತ್ತಿರ ಕೂತಿದ್ದಾರೆ.

"ಮಾವಾ, ಭೂಮಿ?" ಬಾಯಿ ತಪ್ಪಿ ಕೇಳಿಬಿಟ್ಟೆ.

"ಇಷ್ಟು ವರ್ಷ ಅದಕ್ಕೋಸ್ಕರ ಉಳಿಸಿದೀನಲ್ಲ ಪುಟ್ಟೀ. ಈ ಬೆಳಕೊಂದನ್ನ ಇವಳಿಗೆ ಕೊಡು ಅಂತ ಭೂಮಿ ಹತ್ರಾನೇ ಕೇಳ್ಕೊಂಡಿದೀನಿ."

ನಾನು ಒಳಗೆ ಬಂದು ಅತ್ತೆಯ ಪಕ್ಕ ಕೂತೆ.

"ರೀ, ಅಮ್ಮ ನಗ್ತಿದಾಳೆ ಅಲ್ವಾ?" ಅಂದರು ಅತ್ತೆ.

"ಹೂಂ ಕಣೇ, ನಗ್ತಿದಾರೆ" ಅಂದರು ಮಾವ. ಬೆಳಕು ಏರಿಸೋಕೆ ಇನ್ನು ಜಾಗವೇ ಇರಲಿಲ್ಲ. ಆದರೂ ಅವರ ಬೆರಳು ಆ ಬಟನ್ನನ್ನು ಒತ್ತುತ್ತಲೇ ಇತ್ತು.