ಡ್ರಿಲ್ ಮೇಷ್ಟ್ರ ಆನ್‌ಲೈನ್ ಜಿಗಿತ

"ಫೋನಲ್ಲಿ ಲೆಕ್ಕ ಹೇಳಿಕೊಡಬಹುದು, ಡ್ರಿಲ್ ಹೇಳಿಕೊಡೋಕಾಗುತ್ತಾ ಮೇಷ್ಟ್ರೇ?" ಎಂದು ಹೆಡ್ಮಾಸ್ಟರು ರಾಗ ಎಳೆದದ್ದೇ ಎಲ್ಲಕ್ಕೂ ಮೂಲ. ಸೋಂಕಿನ ಭಯಕ್ಕೆ ಶಾಲೆಗೆ ಬೀಗ ಬಿದ್ದು, ಉಳಿದ ಮೇಷ್ಟ್ರುಗಳೆಲ್ಲ ಮನೆಯಲ್ಲಿ ಕೂತೇ ಪಾಠ ಮಾಡುತ್ತಿದ್ದರು. ಡ್ರಿಲ್ ಮೇಷ್ಟ್ರು ಕೂತು ಏನು ಹೇಳಿಕೊಟ್ಟಾರು? ಇವತ್ತಿನ ಕ್ಲಾಸಿನಲ್ಲಿ ಮಕ್ಕಳು ಕೊನೆಯವರೆಗೂ ಉಳಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂಬುದು ಹೆಡ್ಮಾಸ್ಟರ ಷರತ್ತು.

"ಆಗುತ್ತೆ ಸಾರ್, ನೋಡ್ತಾ ಇರಿ!" ಎಂದು ಮೇಷ್ಟ್ರು ಮೀಸೆ ತಿರುವಿದರು.

ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಸೀಟಿ ಊದಿ, ನಡುಮನೆಯಲ್ಲೇ ಜಿಗಿಯತೊಡಗಿದರು. ಸ್ವಲ್ಪ ಹೊತ್ತಿಗೆಲ್ಲ ಕೆಳಗಿನ ಮನೆಯ ಓನರ್ ತಲೆತುಂಬ ಸುಣ್ಣದ ಪುಡಿ ಹೊತ್ತು ಬಾಗಿಲಲ್ಲಿ ಪ್ರತ್ಯಕ್ಷರಾದರು.

"ರೀ, ನಮ್ಮನೆ ಸೂರು ಉದುರ್ತಿದೆ! ನಿಲ್ಸಿ!"

"ನಿಲ್ಸಲ್ಲ! ಮಕ್ಳೇ, ನೀವೂ ನಿಲ್ಲಿಸ್ಬೇಡಿ!"

ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. "ತಾರಸಿಗೆ ಹೋಗ್ರೀ! ಕೆಲಸದ ಜೊತೆ ಮನೇನೂ ಕಳ್ಕೊಬೇಡಿ."

ಮೇಷ್ಟ್ರು ಫೋನನ್ನೂ ಡಬ್ಬಿಯನ್ನೂ ಎತ್ತಿಕೊಂಡು ಜಿಗಿಯುತ್ತಲೇ ಮೆಟ್ಟಿಲೇರಿದರು. ವಾರಗಟ್ಟಲೆ ಒಳಗೇ ಕೂತು ಬೇಸತ್ತಿದ್ದ ಅಕ್ಕಪಕ್ಕದವರಿಗೆ ಬಿಟ್ಟಿ ಮನರಂಜನೆ ಸಿಕ್ಕಂತಾಗಿ, ತಮ್ಮ ತಮ್ಮ ತಾರಸಿಗಳಲ್ಲಿ ಜಮಾಯಿಸಿದರು. ಪಕ್ಕದ ಮನೆಯ ನಿವೃತ್ತ ಗುಮಾಸ್ತರಂತೂ ಕುರ್ಚಿ ಹಾಕಿಕೊಂಡು, "ಮಂಡಿ ಇನ್ನೂ ಮೇಲೆ ಬರ್ಲಿ ಮೇಷ್ಟ್ರೇ!" ಎಂದು ಅಪ್ಪಣೆ ಕೊಡಿಸಿದರು.

"ನೀವೇ ಬಂದು ಎತ್ತಿ ಸಾರ್!" ಎಂದು ಹಿಂದಕ್ಕೆ ಜಿಗಿದ ಮೇಷ್ಟ್ರು, ಓನರ್ ಹೆಂಡತಿ ಒಣಹಾಕಿದ್ದ ಒದ್ದೆ ಹೊದಿಕೆಗೆ ಸಿಕ್ಕಿ, ಹಗ್ಗದ ಸಮೇತ ನೆಲಕ್ಕುರುಳಿದರು. ಸೊಂಟ ಕಟಕ್ಕೆಂದಿತು. ಆದರೂ ಹೊದಿಕೆಯೊಳಗಿನಿಂದ ಎರಡು ಕೈ ಮೇಲೆದ್ದು, "ಒಂದು! ಎರಡು!" ಎಂಬ ಎಣಿಕೆಗೆ ಆಡುತ್ತಲೇ ಇದ್ದವು. ಸೋಲೊಪ್ಪುವ ಜೀವವೇ ಅಲ್ಲ ಅದು.

ಕ್ಲಾಸು ಮುಗಿದದ್ದೇ ಹೆಡ್ಮಾಸ್ಟರ ಫೋನು ಬಂತು.

"ಭೇಷ್ ಮೇಷ್ಟ್ರೇ! ಒಂದು ಮಗೂನೂ ಬಿಟ್ಟುಹೋಗ್ಲಿಲ್ಲ."

"ಹಾಗಾದ್ರೆ ನನ್ನ ಕೆಲಸ?"

"ಅದನ್ನೇ ಹೇಳೋಕೆ ಫೋನ್ ಮಾಡ್ದೆ. ಪೂರ್ತಿ ರೆಕಾರ್ಡ್ ಮಾಡ್ಕೊಂಡಿದೀವಿ. ಇನ್ಮೇಲೆ ಎಲ್ಲಾ ಕ್ಲಾಸಿಗೂ ಅದನ್ನೇ ಹಾಕ್ತೀವಿ. ನೀವು ಬರೋ ಅಗತ್ಯ ಇಲ್ಲ."

"ಅದ್ರಲ್ಲಿ ನಾನು ಬಿದ್ದಿದೀನಲ್ರೀ!"

"ಅದಕ್ಕೇ ಮಕ್ಳು ಇನ್ನೊಂದ್ಸಲ ಹಾಕಿ ಅಂತಿರೋದು."

ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. "ಸರಿ, ನಾಳೆ ನಾನೂ ವಿದ್ಯಾರ್ಥಿಯಾಗಿ ಬಂದು ಕೂರ್ತೀನಿ. ಆ ಮೇಷ್ಟ್ರು ಒಂದೇ ಒಂದು ತಪ್ಪು ಮಾಡ್ಲಿ, ಎದ್ದು ನಿಂತು ಕೇಳ್ತೀನಿ!"

"ಧಾರಾಳವಾಗಿ ಬನ್ನಿ," ಎಂದರು ಹೆಡ್ಮಾಸ್ಟರು. "ಮೈಕ್ ಮಾತ್ರ ಮ್ಯೂಟ್ ಮಾಡ್ಕೊಂಡಿರಿ."