ಎರವಲು ಮಕ್ಕಳು

ಬೆಳಗಿನ ಪ್ರಾರ್ಥನೆ ಮುಗಿಯುವ ಮೊದಲೇ ಫೋನ್ ಬಂತು. ಮಕ್ಕಳ ಓದು ಪರೀಕ್ಷಿಸಲು ಬೇಲೂರಿನಿಂದ ಶಿಕ್ಷಣ ಇಲಾಖೆಯ ಪ್ರತಿಮಾ ಮೇಡಂ ಹೊರಟಿದ್ದಾರಂತೆ. ಹುಲಿಕೆರೆ ಪಕ್ಕದ ಆ ಹಳ್ಳಿ ಶಾಲೆಗೆ ಇದ್ದವರು ಮಧುಕುಮಾರ್ ಮೇಷ್ಟ್ರೊಬ್ಬರೇ. ಒಂದನೇ ಕ್ಲಾಸಿಗೆ ಅಆಇಈ ತಿದ್ದಿಸುವಷ್ಟರಲ್ಲಿ ಐದನೇ ಕ್ಲಾಸು ಜುಟ್ಟು ಹಿಡಿದು ಜಗಳಕ್ಕೆ ನಿಂತಿರುತ್ತಿತ್ತು. ಮಕ್ಕಳಿಗಿನ್ನೂ ಒಂದು ಸಾಲು ಕೂಡಿಸಿ ಓದಲು ಬರುತ್ತಿರಲಿಲ್ಲ.

"ಶಾಲೆ ಮುಚ್ಚಿಸ್ತಾರೆ ಕಣ್ರೀ," ಎಂದು ಮೇಷ್ಟ್ರು ಬೆವರೊರೆಸಿಕೊಂಡರು.

ಶಾಲಾ ಸಮಿತಿಯ ಅಧ್ಯಕ್ಷ, ಕೊಬ್ಬರಿ ವ್ಯಾಪಾರಿ ದೇವರಾಜ್ ನಕ್ಕ. "ಯಾಕ್ ಹೆದರ್ಕತೀರಾ ಮೇಷ್ಟ್ರೇ? ಇವತ್ತು ಕಾನ್ವೆಂಟಿಗೆ ರಜ ಐತೆ. ಅಲ್ಲಿಗೋಗೋ ನಮ್ಮೂರ ಹುಡುಗ್ರನ್ನ ಇವರ ಹೆಸರಲ್ಲಿ ತಂದು ಕೂರಿಸ್ತೀನಿ."

"ನಮ್ಮ ಮಕ್ಕಳು?"

"ಅವನ್ನ ನಾನ್ ನೋಡ್ಕತೀನಿ ಬುಡಿ," ಎಂದಳು ಬಿಸಿಯೂಟದ ಚಲುವಮ್ಮ. ಮೇಷ್ಟ್ರು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಮಕ್ಕಳನ್ನೆಲ್ಲ ಕುರಿಮಂದೆಯಂತೆ ಅಡುಗೆಕೋಣೆಯ ಹಿಂದಕ್ಕೆ ಅಟ್ಟಿಯಾಗಿತ್ತು.

ಮೇಡಂ ಬಂದವರೇ ಹಾಜರಿ ಕೂಗಿದರು. "ನಂದಿತಾ!"

ಎರವಲು ಮಕ್ಕಳಲ್ಲಿ ನಂದಿತಾ ಯಾರಾಗಬೇಕೆಂಬುದು ಮರೆತುಹೋಗಿತ್ತು. ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಅಡುಗೆಕೋಣೆಯ ಹಿಂದಿನಿಂದ "ಎಸ್ ಸಾ!" ಎಂಬ ಕೂಗು ಗಟ್ಟಿಯಾಗಿ ಕೇಳಿತು.

"ಅದು ನಮ್ಮ ನೆಂಟ್ರ ಮಗು, ಮೇಡಂ," ಎಂದಳು ಬಾಗಿಲಲ್ಲಿದ್ದ ಚಲುವಮ್ಮ. "ಯಾರ್ ಯಾರನ್ನ ಕರೆದ್ರೂ ಓಗೊಡ್ತದೆ."

ಮೇಡಂ ಹುಬ್ಬೇರಿಸಿ ಪಾಠಪುಸ್ತಕ ತೆರೆದರು. ಎರವಲು ಮಕ್ಕಳು ಅರಳು ಹುರಿದಂತೆ ಪಟಪಟನೆ ಓದಿದರು. ಮೇಡಂ ಮುಖ ಅರಳಿತು. ಮೇಷ್ಟ್ರಿಗೆ ಹೋದ ಜೀವ ಬಂತು.

"ಭೇಷ್ ಮೇಷ್ಟ್ರೇ! ಓದಲ್ಲಿ ಹಿಂದುಳಿದ ಶಾಲೆಗೆ ಇನ್ನಿಬ್ಬರು ಶಿಕ್ಷಕರು, ಹೊಸ ಕೊಠಡಿಗೆ ಅನುದಾನ ಅಂತ ಆದೇಶ ಬಂದಿದೆ. ನಿಮ್ಮ ಶಾಲೆಗೇ ಕೊಡೋಣ ಅಂತ ಬಂದೆ. ನಿಮಗೆ ಅದರ ಅಗತ್ಯವೇ ಇಲ್ಲ ಬಿಡಿ."

ಮೇಷ್ಟ್ರು ತಲೆಯಾಡಿಸಿದರು. ನಿಜ ಹೇಳಿದರೆ ಕೆಲಸ ಹೋಗುತ್ತದೆ. ದೇವರಾಜ್ ಮೆಲ್ಲಗೆ ಹೊರಗೆ ಜಾರಿದ.

ಜೀಪು ಹತ್ತುತ್ತಾ ಮೇಡಂ ತಿರುಗಿದರು. "ಇಂಥ ಪಳಗಿದ ಕೈ ಒಂದೇ ಶಾಲೇಲಿ ಇರಬಾರದು. ಬಸ್ತಿಹಳ್ಳಿ ಆಚೆ ಒಂದು ಶಾಲೆಗೆ ಮೇಷ್ಟ್ರೇ ಇಲ್ಲ. ಸೋಮವಾರದಿಂದ ಅರ್ಧ ವಾರ ಅದನ್ನೂ ನೀವೇ ನೋಡ್ಕೊಳ್ಳಿ."

ಧೂಳು ಅಡಗುತ್ತಿದ್ದಂತೆ ನಿಜವಾದ ಮಕ್ಕಳು ಒಬ್ಬೊಬ್ಬರಾಗಿ ಈಚೆ ಬಂದರು. ನಂದಿತಾ ಮೇಷ್ಟ್ರ ಅಂಗಿ ಎಳೆದಳು.

"ಸಾ, ನೀವು ಅತ್ಲಾಗೋದ್ರೆ ನಮಗ್ಯಾರು ಸಾ ಹೇಳ್ಕೊಡೋದು?"

ಮೇಷ್ಟ್ರು ರಸ್ತೆಯ ಕಡೆ ನೋಡಿದರು. ಕಾನ್ವೆಂಟ್ ಮಕ್ಕಳು ದೇವರಾಜ್ ಕೊಡಿಸಿದ ಬೊಂಬಾಯಿ ಮಿಠಾಯಿ ಚೀಪುತ್ತಾ ಮನೆಗೆ ಹೋಗುತ್ತಿದ್ದರು.